ಮಾರಾಟಪೂರ್ವ ಮನೆ ದುರಸ್ತಿ

ಮಾರಾಟಪೂರ್ವ ಮನೆ ದುರಸ್ತಿ ಎಂದರೆ ಮನೆಯನ್ನು ಮಾರುವ ಮುನ್ನ ಮಾಲೀಕರು ಕಡಿಮೆ ವೆಚ್ಚದಲ್ಲಿ ಮಾಡಿಸುವ ರಿಪೇರಿ ಹಾಗೂ ಅಂದಗೊಳಿಸುವ ಕೆಲಸ. ಸಣ್ಣ ಕೊರತೆಗಳ ನೆಪದಲ್ಲಿ ಬೆಲೆ ತಗ್ಗದಂತೆ ನೋಡಿಕೊಳ್ಳುವುದು ಇದರ ಉದ್ದೇಶ.

ಕೆಲಸಗಳ ಅನುಕ್ರಮ

ಮೊದಲು ನೀರಿನ ಸೋರಿಕೆಯನ್ನು ಸರಿಪಡಿಸಬೇಕು. ತಾರಸಿಯ ಬಿರುಕು, ಒಡೆದ ಮಳೆನೀರಿನ ಕೊಳವೆ, ಬಚ್ಚಲುಮನೆಯ ಟೈಲ್ಸ್ ಸಂದುಗಳು ತೇವಾಂಶದ ಸಾಮಾನ್ಯ ಮೂಲಗಳು. ಗೋಡೆ ಪೂರ್ತಿ ಒಣಗಿದ ಮೇಲೆಯೇ ಬಣ್ಣ ಬಳಿಯಬೇಕು. ಹಸಿ ಗೋಡೆಗೆ ಬಳಿದ ಬಣ್ಣ ಉಬ್ಬಿ, ಹಕ್ಕಳೆಯಾಗಿ ಉದುರುತ್ತದೆ. ಗಾರೆಯೊಳಗಿನ ಲವಣ ಬಿಳಿ ಪುಡಿಯಾಗಿ ಹೊರಬರುವುದೂ ಉಂಟು. ತಿಳಿಬಣ್ಣವು ಬೆಳಕನ್ನು ಹೆಚ್ಚು ಪ್ರತಿಫಲಿಸುವುದರಿಂದ ಕೋಣೆ ವಿಶಾಲವಾಗಿ ಕಾಣುತ್ತದೆ. ಸೋರುವ ನಲ್ಲಿಗೆ ಹೊಸ ವಾಷರ್ ಹಾಕುವುದು, ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುವುದು, ಕೆಟ್ಟ ಸ್ವಿಚ್ಚುಗಳನ್ನು ಬದಲಿಸುವುದು, ಅಂಗಳವನ್ನು ಶುಚಿಗೊಳಿಸುವುದು ಇತರ ಅಲ್ಪವೆಚ್ಚದ ಕೆಲಸಗಳು.

ಕಾನೂನಿನ ಹೊಣೆ

ಭಾರತದ 1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತಮಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ಹಾಗೂ ಸಾಮಾನ್ಯ ಎಚ್ಚರಿಕೆಯಿಂದ ಅವರು ಕಂಡುಕೊಳ್ಳಲಾಗದ ಮಹತ್ವದ ದೋಷಗಳನ್ನು ಮಾರುವವರು ತಿಳಿಸಬೇಕು. ತಿಳಿಸದಿರುವುದನ್ನು ಅದೇ ಕಲಮು ವಂಚನೆಯೆಂದು ಪರಿಗಣಿಸುತ್ತದೆ. ಆದ್ದರಿಂದ ಅಡಿಪಾಯ ಕುಸಿದು ಮೂಡಿದ ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು ಮರೆಮಾಚುವುದು ದುರಸ್ತಿ ಎನಿಸದು.