ಮಕ್ಕಳ ವಾರ್ಡಿನಲ್ಲಿ ಪರೋಪಜೀವಿಯ ಪತ್ತೆ

1859ರಲ್ಲಿ ಪ್ರಾಗ್ ನಗರದ ಮಕ್ಕಳ ಆಸ್ಪತ್ರೆಯ ವಿಲೆಮ್ ಲಾಂಬಲ್ ಎಂಬ ವೈದ್ಯರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಲೋಳೆಮಲದಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡು ಅದರ ಚಿತ್ರ ಬರೆದಿಟ್ಟರು. ಇಂದು ನಾವು ಜಿಯಾರ್ಡಿಯಾ ಎನ್ನುವುದು ಅದನ್ನೇ. ಹಾಲೆಂಡಿನ ಲೇವನ್‌ಹುಕ್ 1681ರಲ್ಲೇ ತಮ್ಮ ಮಲದಲ್ಲಿ ಅದನ್ನು ನೋಡಿದ್ದರು. ಆದರೂ ಅದು ಕಾಯಿಲೆ ತರುತ್ತದೆ ಎಂದು ವೈದ್ಯಲೋಕ ಒಪ್ಪಲು ಇಪ್ಪತ್ತನೆಯ ಶತಮಾನದ ಬಹುಭಾಗವೇ ಕಳೆಯಬೇಕಾಯಿತು. ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬಾರದೆ ಹೋಗುವುದು, ಲೆಕ್ಕಕ್ಕೆ ತೆಗೆದುಕೊಂಡರೂ ಕಣ್ಣಿಗೆ ಬೀಳದಿರುವುದು – ಪರೋಪಜೀವಿಗಳ ಪತ್ತೆಯ ಇತಿಹಾಸದುದ್ದಕ್ಕೂ ಈ ಎರಡು ತೊಡಕುಗಳೂ ಇವೆ. ಯಾವ ಪರೀಕ್ಷೆಯೂ ತಾನು ಹುಡುಕಲು ಹೊರಟಿದ್ದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ತನಗೇನಾಗುತ್ತಿದೆ ಎಂದು ಹೇಳಲಾರದ ಮಗುವಿನ ವಿಷಯದಲ್ಲಿ ಏನನ್ನು ಹುಡುಕಬೇಕು ಎಂಬುದೇ ಮೊದಲ ಪ್ರಶ್ನೆ.

ನೂರು ವರ್ಷ ಈ ಕೆಲಸವನ್ನೆಲ್ಲ ನಡೆಸಿದ್ದು ಸೂಕ್ಷ್ಮದರ್ಶಕ. ಹೊಸ ವಿಧಾನಗಳು ಬಂದರೂ ಅವುಗಳ ಗುರಿ ಒಂದೇ: ಮಲದಲ್ಲಿ ಚದುರಿದ ಮೊಟ್ಟೆಗಳು ಕಣ್ಣಿಗೆ ಬೀಳುವಂತೆ ಮಾಡುವುದು. ಉಪ್ಪುನೀರಿನಲ್ಲಿ ತೇಲಿಸುವ ವಿಧಾನ, 1948ರಲ್ಲಿ ರಿಚಿ ರೂಪಿಸಿದ ಫಾರ್ಮಲಿನ್–ಈಥರ್ ವಿಧಾನ, ಜಪಾನಿನಲ್ಲಿ ಹುಟ್ಟಿ 1972ರಲ್ಲಿ ಬ್ರೆಜಿಲ್‌ನಲ್ಲಿ ಪರಿಷ್ಕಾರಗೊಂಡ ಕಾಟೊ–ಕಾಟ್ಜ್ ಲೇಪನ ಎಲ್ಲವೂ ಈ ಸಾಲಿನವು. ಮಕ್ಕಳ ಮಟ್ಟಿಗೆ ನನಗೆ ಬಹಳ ಮೆಚ್ಚುಗೆಯಾಗುವುದು 1941ರಲ್ಲಿ ಗ್ರಹಾಂ ತೋರಿಸಿಕೊಟ್ಟ ಅಂಟುಪಟ್ಟಿಯ ಉಪಾಯ. ರಾತ್ರಿ ಗುದದ ಸುತ್ತ ಮೊಟ್ಟೆಯಿಡುವ ದಾರದಂಥ ಬಿಳಿಹುಳು ಮಲಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಬೆಳಿಗ್ಗೆ ಮಗುವನ್ನು ತೊಳೆಯುವ ಮೊದಲೇ ಪಟ್ಟಿ ಒತ್ತಿ ತೆಗೆದರೆ ಮೊಟ್ಟೆಗಳು ಅಂಟಿಕೊಂಡು ಬರುತ್ತವೆ. ತಾಯಿಯೇ ಮಾಡಬಹುದಾದ ಪರೀಕ್ಷೆ ಇದು.

ಆಸ್ಪತ್ರೆಯೊಳಗೆ ವೇಳೆಯೂ ಅಷ್ಟೇ ಮುಖ್ಯ. ನೀರುಭೇದಿಯಲ್ಲಿ ಚಲಿಸುವ ಅಮೀಬಾ ಕಾಣಬೇಕಾದರೆ ಅರ್ಧ ಗಂಟೆಯೊಳಗೆ ನೋಡಬೇಕು. ಕಾಟೊ–ಕಾಟ್ಜ್ ಲೇಪನದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಗಂಟೆ ಕಳೆಯುವಷ್ಟರಲ್ಲಿ ಕರಗಿ ಮಾಯವಾಗುತ್ತವೆ. ಜಿಯಾರ್ಡಿಯಾ ದಿನವೂ ಹೊರಬೀಳುವುದಿಲ್ಲ, ಹಾಗಾಗಿ ಬೇರೆ ಬೇರೆ ದಿನ ಮೂರು ಮಾದರಿ ಕೇಳುತ್ತಾರೆ. ವಾರ್ಡಿನ ಮೂಲೆಯಲ್ಲಿ ಮಧ್ಯಾಹ್ನದವರೆಗೆ ಕುಳಿತ ಡಬ್ಬಿಯಿಂದ 'ಏನೂ ಕಂಡಿಲ್ಲ' ಎಂಬ ವರದಿ ಬಂದರೆ ಅದನ್ನು ನಂಬಿ ಮಗುವನ್ನು ಮನೆಗೆ ಕಳಿಸುವುದು ತಪ್ಪು.

ರಕ್ತದಲ್ಲಿ, ಅಂಗಾಂಗಗಳಲ್ಲಿ ಅಡಗಿದವುಗಳ ಕಥೆ ಬೇರೆ. 1903ರಲ್ಲಿ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್, ಬಿಡದ ಜ್ವರವಿದ್ದ 12 ವರ್ಷದ ಹುಡುಗನ ಗುಲ್ಮಕ್ಕೆ ಸೂಜಿ ಚುಚ್ಚಿ ಕಾಲಾ ಅಜಾರ್‌ನ ಪರೋಪಜೀವಿಯನ್ನು ಜೀವಂತ ರೋಗಿಯಲ್ಲಿ ಕಂಡರು. ಗುಲ್ಮ ಚುಚ್ಚಿದರೆ ಒಳಗೇ ರಕ್ತಸ್ರಾವವಾಗುವ ಅಪಾಯವಿದೆ. 1990ರ ದಶಕದ ಕೊನೆಯಲ್ಲಿ ಬಂದ ಆರ್‌ಕೆ39 ಪಟ್ಟಿ, ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಆ ಕೆಲಸ ಮುಗಿಸಿ, ಎಷ್ಟೋ ಮಕ್ಕಳನ್ನು ಸೂಜಿಯಿಂದ ಉಳಿಸಿತು. ಆದರೆ ಕಾಯಿಲೆ ವಾಸಿಯಾದ ಮೇಲೂ ಆ ಪಟ್ಟಿ ಪಾಸಿಟಿವ್ ಎನ್ನುತ್ತಲೇ ಇರುತ್ತದೆ. ಫಾಲ್ಸಿಪಾರಮ್ ಮಲೇರಿಯಾದ ಪಟ್ಟಿಪರೀಕ್ಷೆಯೂ ಚಿಕಿತ್ಸೆಯ ನಂತರ ವಾರಗಟ್ಟಲೆ ಹೀಗೇ. ಮಲೇರಿಯಾದಿಂದ ಮಗು ಚೇತರಿಸಿಕೊಳ್ಳುತ್ತಿದೆಯೇ ಎಂದು ತಿಳಿಯಲು ರಕ್ತಲೇಪನದಲ್ಲಿ ಪರೋಪಜೀವಿಗಳನ್ನು ಎಣಿಸಲೇಬೇಕು.

ನಮ್ಮ ನೆರೆಯ ವೆಲ್ಲೂರಿನ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಿ.ಟಿ. ಸ್ಕ್ಯಾನ್ ಬಂದ ಹೊಸದರಲ್ಲಿ, ಫಿಟ್ಸ್ ಬಂದ ಭಾರತೀಯ ಮಕ್ಕಳ ಹಾಗೂ ಯುವಕರ ಮಿದುಳಿನಲ್ಲಿ ಉಂಗುರದಂಥ ಒಂದೇ ಒಂದು ಸಣ್ಣ ಗಂಟು ಕಾಣುತ್ತಿತ್ತು. ಕ್ಷಯ ಹೆಚ್ಚಿರುವ ದೇಶವಾದ್ದರಿಂದ ಅದು ಕ್ಷಯದ ಗಂಟೆಂದೇ ಬಗೆದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದ್ದಾಯಿತು. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರಜ್ಞ ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಆ ಗಂಟುಗಳನ್ನು ತೆಗೆದು ಪರೀಕ್ಷಿಸಿ, ಬಹುಪಾಲು ಹಂದಿಯ ಲಾಡಿಹುಳುವಿನ ಮರಿಕೋಶಗಳೆಂದು 1990ರ ದಶಕದ ಆರಂಭದಲ್ಲಿ ತೋರಿಸಿದರು. ಗಂಟು 20 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು, ಮಿದುಳಿನ ನಡುಗೆರೆ ಸರಿದಿಲ್ಲದಿದ್ದರೆ ಅದು ಕ್ಷಯಕ್ಕಿಂತ ಲಾಡಿಹುಳುವಿನ ಕೋಶವೇ ಆಗಿರುವ ಸಂಭವ ಹೆಚ್ಚು. ಹಲವು ಗಂಟುಗಳು ತಿಂಗಳುಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. 1989ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಇಮ್ಯುನೊಬ್ಲಾಟ್ ರಕ್ತಪರೀಕ್ಷೆ ಹಲವು ಕೋಶಗಳಿದ್ದಾಗ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಮಕ್ಕಳಲ್ಲಿ ಸಾಮಾನ್ಯವಾದ ಒಂಟಿಗಂಟನ್ನೇ ಅದು ಆಗಾಗ ತಪ್ಪಿಸಿಕೊಳ್ಳಲು ಬಿಡುತ್ತದೆ. ಅದಕ್ಕೇ ಇಲ್ಲಿ ವೈದ್ಯರ ತಾಳ್ಮೆ ಮತ್ತು ಮತ್ತೊಂದು ಸ್ಕ್ಯಾನ್ ಇವೇ ಹೆಚ್ಚು ನೆರವಾಗುತ್ತವೆ.

ಮತ್ತೆ ಕರುಳಿಗೆ ಬಂದರೆ, ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿ ಮನುಷ್ಯರಲ್ಲಿ ಪತ್ತೆಯಾದದ್ದು 1976ರಲ್ಲಿ. ಅಮೆರಿಕದ ಮೂರು ವರ್ಷದ ಮಗುವಿನ ಕರುಳಿನ ಬಯಾಪ್ಸಿಯಲ್ಲಿ. 1981ರಲ್ಲಿ ಕ್ಷಯದ ರೋಗಾಣುವಿಗೆ ಹಚ್ಚುವ ಬಣ್ಣವನ್ನೇ ತುಸು ಬದಲಿಸಿ ಮಲದಲ್ಲಿ ಅದನ್ನು ಕಾಣುವ ವಿಧಾನ ಬಂದಮೇಲೆ ಬಯಾಪ್ಸಿಯ ಗೊಡವೆ ತಪ್ಪಿತು. ಆದರೆ ನಾಲ್ಕೈದು ಮೈಕ್ರಾನ್‌ನ ಈ ಕಣ ಮಾಮೂಲಿ ಮಲಪರೀಕ್ಷೆಯಲ್ಲಿ ಕಾಣುವುದಿಲ್ಲ, ಪರೀಕ್ಷೆಗೆ ಕಳಿಸುವ ಚೀಟಿಯಲ್ಲಿ ಅದರ ಹೆಸರು ಬರೆದಿರಬೇಕು. ಕೋಲ್ಕತ್ತವೂ ಸೇರಿ ಆಫ್ರಿಕಾ–ಏಷ್ಯಾದ ಏಳು ಕಡೆ ನಡೆದು 2013ರಲ್ಲಿ ಪ್ರಕಟವಾದ ಜೆಮ್ಸ್ ಅಧ್ಯಯನ, ಶಿಶುಗಳ ತೀವ್ರ ಭೇದಿಯಲ್ಲಿ ರೋಟಾವೈರಸ್ ಬಿಟ್ಟರೆ ಇದೇ ಮುಂದೆಂದು ತಿಳಿಸಿದಾಗ ಅನೇಕರು ಬೆರಗಾದರು. ಅಲ್ಲಿಯವರೆಗೆ ಅದನ್ನು ಕೇಳಿದವರೇ ಕಡಿಮೆ.

ಈಗ ರೋಗಾಣುವಿನ ಡಿ.ಎನ್.ಎ.ಯನ್ನೇ ಹುಡುಕುವ ಪಿ.ಸಿ.ಆರ್. ಪರೀಕ್ಷೆಯ ಕಾಲ. ನೋಡಲು ಒಂದೇ ರೀತಿಯಿರುವ, ರೋಗ ತರುವ ಅಮೀಬಾ ಮತ್ತು ಡಿಸ್ಪಾರ್ ಎಂಬ ನಿರಪಾಯಿ ಅಮೀಬಾ 1993ರಲ್ಲಿ ಬೇರೆ ಪ್ರಭೇದಗಳೆಂದು ನಿರ್ಧಾರವಾದವು. ಅವನ್ನು ಖಚಿತವಾಗಿ ಬೇರ್ಪಡಿಸಲು ಇಂಥ ಪರೀಕ್ಷೆಗಳು ನೆರವಾಗುತ್ತವೆ. ಒಂದೇ ಮಾದರಿಯಲ್ಲಿ ಹತ್ತಾರು ರೋಗಾಣುಗಳನ್ನು ನೋಡುವ ದುಬಾರಿ ಪ್ಯಾನೆಲ್‌ಗಳು ದೊಡ್ಡ ಆಸ್ಪತ್ರೆಗಳಿಗೆ ಬಂದಿವೆ. ಅವುಗಳಲ್ಲಿ ಬಳಕೆಯಲ್ಲಿರುವ ಹೆಚ್ಚಿನವು ಜಿಯಾರ್ಡಿಯಾ, ಕ್ರಿಪ್ಟೋಸ್ಪೋರಿಡಿಯಂಗಳನ್ನು ಹುಡುಕುತ್ತವೆಯೇ ಹೊರತು ಕೊಕ್ಕೆಹುಳು, ದುಂಡುಹುಳುಗಳನ್ನಲ್ಲ. ಸ್ಟ್ರಾಂಗಿಲಾಯ್ಡಿಸ್ ಅನ್ನೂ ಅಲ್ಲ. ಚರ್ಮದ ಮೂಲಕ ನುಗ್ಗಿ, ದೇಹದೊಳಗೇ ಪೀಳಿಗೆ ಬೆಳೆಸಬಲ್ಲ ಈ ಹುಳು, ಸ್ಟಿರಾಯ್ಡ್ ಬಿದ್ದೊಡನೆ ಮೈಯೆಲ್ಲ ಹರಡಿ ಪ್ರಾಣ ತೆಗೆಯಬಹುದು. ನೆಫ್ರೋಟಿಕ್ ಸಿಂಡ್ರೋಮ್ ಎಂದು ಸ್ಟಿರಾಯ್ಡ್ ಶುರುಮಾಡುವ ಮುನ್ನ, ಮಗು ಬರಿಗಾಲಲ್ಲಿ ಗದ್ದೆ ತೋಟಗಳಲ್ಲಿ ಓಡಾಡುತ್ತದೆಯೇ ಎಂದು ಕೇಳಿ, ರಕ್ತದ ಇಯೊಸಿನೊಫಿಲ್ ಎಣಿಕೆ ನೋಡಿ, ತಾಜಾ ಮಲದಲ್ಲಿ ಮರಿಹುಳುವಿಗಾಗಿ ಹುಡುಕಬೇಕು. ಇದಕ್ಕೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ಮತ್ತೆ ಅದರ ಮುಂದೆ ಕೂರಬಲ್ಲ, ತರಬೇತಾದ ಒಬ್ಬ ಟೆಕ್ನಿಷಿಯನ್.