ಬೇಸ್ ಡ್ರಮ್ಮಿನ ಮನೆ ಯಾವುದು?

ಪಿಯಾನೊ ನುಡಿಸುವವರಿಗೆ ಐದು ಗೆರೆಯ ಸ್ಟಾಫ್ ಅಂದ್ರೆ ಏಣಿ ಇದ್ದ ಹಾಗೆ. ಮೇಲೆ ಹೋದಷ್ಟೂ ಸ್ವರ ಏರುತ್ತೆ, ಕೆಳಗೆ ಬಂದಷ್ಟೂ ಇಳಿಯುತ್ತೆ. ಡ್ರಮ್ಮರನ ಮುಂದೆ ಇಡೋದೂ ಅದೇ ಐದು ಗೆರೆ, ಆದರೆ ಅಲ್ಲಿ ಏಣಿ ಇಲ್ಲ. ಅದು ಅಡುಗೆಮನೆಯ ಗೂಡು. ಯಾವ ಸಾಲಿನಲ್ಲಿ ಯಾವ ಡಬ್ಬಿ ಅಂತ ಆ ಮನೆಯವರಿಗೆ ಗೊತ್ತು. ನೆಂಟರು ಬಂದರೆ ಸಕ್ಕರೆ ಅಂತ ಉಪ್ಪಿಗೆ ಕೈ ಹಾಕ್ತಾರೆ. ಗೂಡನ್ನು ಎಲ್ಲ ಮನೆಯಲ್ಲೂ ಒಂದೇ ಥರ ಜೋಡಿಸಬೇಕೋ, ಅವರವರ ಕೈಗೆ ಎಟುಕುವಂತೆ ಬಿಡಬೇಕೋ ಅನ್ನೋ ಜಗಳಕ್ಕೆ ಹತ್ತಿರ ಹತ್ತಿರ ನೂರು ವರ್ಷ. ಕಂಪ್ಯೂಟರ್ ಬಂದಮೇಲೆ ಅದು ಬಗೆಹರಿಯುತ್ತೆ ಅಂದುಕೊಂಡವರಿದ್ದರು. ಆಗಿದ್ದೇ ಬೇರೆ.

ಡ್ರಮ್ ಸೆಟ್ ಅನ್ನೋದೇ ಚಿಕ್ಕ ವಯಸ್ಸಿನ ವಾದ್ಯ. ಅಮೆರಿಕದ ಬ್ಯಾಂಡುಗಳಲ್ಲಿ ಬೇಸ್ ಡ್ರಮ್ಮಿಗೆ ಒಬ್ಬ, ಸ್ನೇರಿಗೆ ಇನ್ನೊಬ್ಬ ನಿಲ್ಲುತ್ತಿದ್ದ ಕಾಲ ಇತ್ತು. 1909ರಲ್ಲಿ ವಿಲಿಯಂ ಲುಡ್ವಿಗ್ ಗಟ್ಟಿಮುಟ್ಟಾದ ಕಾಲ್‌ಪೆಡಲ್ ಮಾಡಿದ ಮೇಲೆ ಒಬ್ಬನೇ ಕೂತು ಎರಡನ್ನೂ ಬಾರಿಸೋದು ಸಲೀಸಾಯಿತು. 1920ರ ದಶಕದಲ್ಲಿ ಹೈ-ಹ್ಯಾಟ್ ಬಂತು, 1930ರ ದಶಕದಲ್ಲಿ ಜೀನ್ ಕ್ರೂಪಾ ಕಾಲಕ್ಕೆ ಶ್ರುತಿ ಮಾಡಬಹುದಾದ ಟಾಮ್‌ಗಳು ಬಂದವು. ಒಂದೊಂದು ಹೊಸ ಸಾಮಾನು ಬಂದಾಗಲೂ ಅದಕ್ಕೆ ಗೆರೆಗಳ ನಡುವೆ ಒಂದು ಜಾಗ ಹುಡುಕಬೇಕಿತ್ತು. ಬೇಸ್ ಡ್ರಮ್ಮಿಗೆ ಕೆಳಗಿನ ಸಂದು, ಸ್ನೇರಿಗೆ ಕೆಳಗಿಂದ ಮೂರನೇ ಸಂದು, ಇಷ್ಟರ ಮಟ್ಟಿಗೆ ಬಹುತೇಕ ಎಲ್ಲರೂ ಒಪ್ಪಿಕೊಂಡರು. ತಕರಾರು ಶುರುವಾಗಿದ್ದು ಸಿಂಬಲ್‌ಗಳಲ್ಲಿ. ಒಬ್ಬರ ಪುಸ್ತಕದಲ್ಲಿ ಹೈ-ಹ್ಯಾಟ್ ಇದ್ದ ಜಾಗದಲ್ಲಿ ಇನ್ನೊಬ್ಬರ ಪುಸ್ತಕದಲ್ಲಿ ರೈಡ್ ಸಿಂಬಲ್. ಕೈಯದಕ್ಕೆ ಕಡ್ಡಿ ಮೇಲೆ, ಕಾಲಿನದಕ್ಕೆ ಕಡ್ಡಿ ಕೆಳಗೆ ಅಂತ ಕೆಲವರು. ಎಲ್ಲವನ್ನೂ ಒಂದೇ ಕಡ್ಡಿಗೆ ಪೋಣಿಸಿ ಅಂತ ಮತ್ತೆ ಕೆಲವರು. ಹಾಗಾಗಿ ಪಾಠದ ಪುಸ್ತಕಗಳ ಮೊದಲಲ್ಲೇ ಯಾವುದು ಎಲ್ಲಿ ಅನ್ನೋ ಪಟ್ಟಿ ಇರೋದು ರೂಢಿಯಾಯಿತು.

ಇದು ತೊಂದರೆ ಅಂತ ಎಲ್ಲರಿಗೂ ಅನ್ನಿಸಿರಲಿಲ್ಲ ಅನ್ನೋದನ್ನೂ ಹೇಳಬೇಕು. 1958ರಲ್ಲಿ ಬಂದ ಟೆಡ್ ರೀಡ್ ಅವರ ಸಿಂಕೊಪೇಷನ್ ಪುಸ್ತಕದಲ್ಲಿ ಇರೋದು ಬಹಳ ಸರಳ ಲಯದ ಗೆರೆಗಳು. ಅಲನ್ ಡಾಸನ್ ಅವರಂಥ ಮೇಷ್ಟ್ರು ಅದೇ ಪುಟವನ್ನು ಶಿಷ್ಯರಿಂದ ಹತ್ತಾರು ರೀತಿ ನುಡಿಸುತ್ತಿದ್ದರು: ಬರೆದದ್ದನ್ನು ಒಮ್ಮೆ ಎಡಗೈಗೆ, ಒಮ್ಮೆ ಕಾಲಿಗೆ ಹಂಚಿ. ನಮ್ಮಲ್ಲಿ ಮೃದಂಗ ಕಲಿಯೋ ಹುಡುಗರು ನೋಟ್‌ಬುಕ್ಕಿನಲ್ಲಿ ‘ತ ಧಿ ತೊಂ ನಂ’ ಅಂತ ಕನ್ನಡದಲ್ಲೇ ಬರೆದುಕೊಳ್ತಾರಲ್ಲ, ಅಲ್ಲೂ ಅಷ್ಟೆ, ಅರ್ಧ ಪಾಠ ಹಾಳೆಯಲ್ಲಿ, ಉಳಿದರ್ಧ ಗುರುಗಳ ಬಾಯಲ್ಲಿ. ಕಷ್ಟ ಇರೋದು ಗುರುಗಳು ಪಕ್ಕದಲ್ಲಿ ಇಲ್ಲದವರಿಗೆ. ಸ್ಟುಡಿಯೊದಲ್ಲಿ ಹಾಳೆ ಕೈಗೆ ಬಂದ ತಕ್ಷಣ ನುಡಿಸಬೇಕಾದ ಡ್ರಮ್ಮರ್ ಪಟ್ಟಿ ನೋಡಿ ಉರುಹೊಡೆಯೋಕೆ ಆಗುತ್ತಾ?

ಈ ಕಷ್ಟಕ್ಕೆ ಮದ್ದು ಹುಡುಕಿದವರು ನಾರ್ಮನ್ ವೈನ್‌ಬರ್ಗ್. ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಪತ್ರಿಕೆಯಲ್ಲಿ 1994ರಲ್ಲಿ ಒಂದು ಮಾರ್ಗಸೂಚಿ ಬರೆದರು, 1998ರಲ್ಲಿ ಅದು ಪುಸ್ತಕವೂ ಆಯಿತು. ನನಗೆ ಹಿಡಿಸೋದು ಅವರ ದಾರಿ. ಹೊಸ ಲಿಪಿ ಕಂಡುಹಿಡೀತೀನಿ ಅಂತ ಹೊರಡಲಿಲ್ಲ. ಅಚ್ಚಾದ ಡ್ರಮ್ ಸಂಗೀತವನ್ನು ಗುಡ್ಡೆ ಹಾಕಿಕೊಂಡು ಹೆಚ್ಚಿನವರು ಏನು ಮಾಡ್ತಾರೆ ಅಂತ ನೋಡಿದರು. ರೈಡ್ ಮೇಲಿನ ಗೆರೆಯ ಮೇಲೆ, ಹೈ-ಹ್ಯಾಟ್ ಅದಕ್ಕೂ ಮೇಲಿನ ಜಾಗದಲ್ಲಿ, ಕಾಲಲ್ಲಿ ತುಳಿಯೋ ಹೈ-ಹ್ಯಾಟ್ ಎಲ್ಲಕ್ಕಿಂತ ಕೆಳಗೆ, ಸಿಂಬಲ್‌ಗಳಿಗೆಲ್ಲ ಗುಣಾಕಾರದ ಗುರುತು. ಜನ ಆಗಲೇ ನಡೆದು ಸವೆಸಿದ್ದ ದಾರಿಗೇ ಟಾರು ಹಾಕಿದ ಹಾಗೆ.

ಆದರೆ ಅಷ್ಟರಲ್ಲಿ ಯಂತ್ರಗಳು ತಮ್ಮದೇ ದಾರಿ ಹಿಡಿದಾಗಿತ್ತು. ಮಿಡಿ ಬಂದಿದ್ದು 1983ರಲ್ಲಿ. ಡ್ರಮ್ ಮಷೀನುಗಳೆಲ್ಲ ಒಂದೇ ಭಾಷೆ ಆಡಲಿ ಅಂತ 1991ರಲ್ಲಿ ಜನರಲ್ ಮಿಡಿ ಬಂತು. ಅದರ ಪ್ರಕಾರ ಹತ್ತನೇ ಚಾನೆಲ್ ತಾಳವಾದ್ಯಕ್ಕೆ ಮೀಸಲು. 35ರಿಂದ 81ರವರೆಗೆ ಒಂದೊಂದು ನಂಬರಿಗೆ ಒಂದೊಂದು ಸದ್ದು. ಬೇಸ್ ಡ್ರಮ್ 36, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ 42, ಕಾಲಿನದು 44, ತೆರೆದದ್ದು 46. ಕೀಬೋರ್ಡ್ ಮುಂದಿಟ್ಟುಕೊಂಡು ನೋಡಿ, ಮಜಾ ಇದೆ. ಈ ಮೂರು ಹೈ-ಹ್ಯಾಟ್‌ಗಳೂ ಸಾಲಾಗಿ ಕಪ್ಪು ಮನೆಗಳಲ್ಲಿ, ಆರು ಟಾಮ್‌ಗಳೂ ಬಿಳಿ ಮನೆಗಳಲ್ಲಿ. ಬೆರಳಿನಿಂದ ಡ್ರಮ್ ನುಡಿಸುವವರಿಗೆ ಸೊಗಸಾದ ವ್ಯವಸ್ಥೆ. ಓದುವವರಿಗೆ ಮಾತ್ರ ನರಕ. ಅಂಥ ಫೈಲನ್ನು ಡ್ರಮ್ಮಿನದು ಅಂತ ಹೇಳದೆ ಹಾಗೇ ಸ್ಟಾಫಿನ ಮೇಲೆ ತೆರೆದರೆ ಬೇಸ್ ಡ್ರಮ್ ಬೇಸ್ ಕ್ಲೆಫಿಗಿಂತಲೂ ಎರಡು ಅಡ್ಡಗೆರೆ ಕೆಳಗೆ ನೇತಾಡುತ್ತೆ, ಹೈ-ಹ್ಯಾಟಿಗೆ ಶಾರ್ಪ್ ಚಿಹ್ನೆ ಅಂಟಿಕೊಂಡಿರುತ್ತೆ!

ಅಂದ್ರೆ ಸ್ಟ್ಯಾಂಡರ್ಡ್ ಎರಡಾಯಿತು, ಕಿವಿಗೊಂದು, ಕಣ್ಣಿಗೊಂದು. ಇವೆರಡನ್ನೂ ಗಂಟು ಹಾಕೋ ಕೆಲಸ ನೊಟೇಷನ್ ಸಾಫ್ಟ್‌ವೇರಿನ ತಲೆಗೆ ಬಂತು. 1988ರ ಫಿನಾಲೆ ಇರಲಿ, 1993ರಲ್ಲಿ ಫಿನ್ ಸೋದರರು ಹೊರತಂದ ಸಿಬೇಲಿಯಸ್ ಇರಲಿ, ಆಮೇಲೆ ಪುಕ್ಕಟೆ ಸಿಕ್ಕ ಮ್ಯೂಸ್‌ಸ್ಕೋರ್ ಇರಲಿ, ಎಲ್ಲವೂ ಬಳಕೆದಾರರ ಕೈಗೆ ಒಂದು ಪಟ್ಟಿ ಕೊಟ್ಟವು: ಈ ಸದ್ದಿಗೆ ಈ ಗೆರೆ, ಈ ಥರದ ತಲೆ, ಬೇಕಾದಂತೆ ಬದಲಿಸಿಕೊಳ್ಳಿ. ಉದಾರ ವ್ಯವಸ್ಥೆಯೇ. ಕೌಬೆಲ್ ನಾಲ್ಕು ಇರೋ ಡ್ರಮ್ಮರಿಗೂ ಜಾಗ ಸಿಕ್ಕಿತು. ಆದರೆ ಒಬ್ಬೊಬ್ಬ ಅರೇಂಜರ್ ಹತ್ತಿರವೂ ಒಂದೊಂದು ಪಟ್ಟಿ ಹುಟ್ಟಿಕೊಂಡಿತು. ಯೂನಿಕೋಡ್‌ಗೆ ಮುಂಚೆ ಒಂದು ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣ್ತಿತ್ತಲ್ಲ, ಅದೇ ಕಥೆ.

2004ರಲ್ಲಿ ಬಂದ ಮ್ಯೂಸಿಕ್‌ಎಕ್ಸ್‌ಎಂಎಲ್ ಈ ಚಿಂದಿಯನ್ನು ಹೊಲಿಯೋಕೆ ನೋಡಿತು. ಕಾಣುವ ಜಾಗವೇ ಬೇರೆ, ಕೇಳುವ ನಂಬರೇ ಬೇರೆ ಅಂತ ಎರಡನ್ನೂ ಬಿಡಿಸಿ ಬರೆದದ್ದು ಜಾಣತನ. ಒಂದು ಕಿತಾಪತಿ ಮಾತ್ರ ಉಳೀತು: ಮಿಡಿ ಎಣಿಸೋದು ಸೊನ್ನೆಯಿಂದ, ಇದು ಎಣಿಸೋದು ಒಂದರಿಂದ. ಮಿಡಿಯ 36 ಇಲ್ಲಿ 37. ಪ್ರೋಗ್ರಾಂ ಬರೆದವರು ಒಂದು ಕಳೆಯೋದು ಮರೆತರೆ ಬೇಸ್ ಡ್ರಮ್ ಇರಬೇಕಾದ ಕಡೆ ಸ್ನೇರಿನ ಅಂಚಿಗೆ ಕೋಲು ತಾಗಿದ ‘ಟಿಕ್’ ಸದ್ದು!

ಸಿಬೇಲಿಯಸ್‌ನ ಲಂಡನ್ ಕಚೇರಿ 2012ರಲ್ಲಿ ಮುಚ್ಚಿದಾಗ ಅಲ್ಲಿಂದ ಹೊರಬಿದ್ದ ತಂಡ ಸ್ಟೈನ್‌ಬರ್ಗ್ ಸೇರಿ 2016ರಲ್ಲಿ ಡೊರಿಕೊ ತಂದಿತು. ಡ್ರಮ್ ಕಿಟ್ಟಿನ ಪೂರ್ತಿ ವ್ಯವಸ್ಥೆ ಮೊದಲ ಆವೃತ್ತಿಯಲ್ಲೇ ಇರಲಿಲ್ಲ, ಆಮೇಲೆ ಬಂತು. ಬಂದಾಗ ಮಾತ್ರ ಯೋಚನೆ ಸ್ಪಷ್ಟವಾಗಿತ್ತು. ನೀವು ಬರೆಯೋದು ‘ಸ್ನೇರ್’ ಅಂತ, ‘ಮೂರನೇ ಸಂದು’ ಅಂತಲ್ಲ. ಅದನ್ನು ಐದು ಗೆರೆಯಲ್ಲಿ ತೋರಿಸಬೇಕೋ, ಒಂದೊಂದು ವಾದ್ಯಕ್ಕೆ ಒಂದೊಂದು ಗೆರೆಯೋ ಅನ್ನೋದು ಆಮೇಲಿನ ಮಾತು. ನನ್ನ ಮಟ್ಟಿಗೆ ಈ ಜಗಳದಲ್ಲಿ ಇಷ್ಟು ವರ್ಷಕ್ಕೆ ಸಿಕ್ಕ ಒಳ್ಳೆ ಉತ್ತರ ಇದೇ. ಆದರೂ ಹೊಸ ಫೈಲಿಗೆ ಮೊದಲು ಕಾಣೋ ಜೋಡಣೆ ಎಲ್ಲರೂ ಓದಬಲ್ಲ ಸಾಮಾನ್ಯ ಜೋಡಣೆಯೇ ಆಗಿರಬೇಕು, ಬದಲಿಸುವವರು ಬದಲಿಸಿಕೊಳ್ಳಲಿ.

2024ರ ಆಗಸ್ಟ್‌ನಲ್ಲಿ ಫಿನಾಲೆ ಕಂಪನಿ ಇನ್ನು ಸಾಕು ಅಂದಿತು. 35 ವರ್ಷದ ಫೈಲುಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಮಾಡಿ ಬೇರೆ ಕಡೆ ಒಯ್ಯಿರಿ ಅಂತ ಸಲಹೆ. ಕೊಳಲು, ಪಿಟೀಲಿನ ಪುಟಗಳಲ್ಲಿ ಸ್ವರಕ್ಕೆ ಒಂದೇ ಅರ್ಥ, ಹೆಚ್ಚು ಗಲಾಟೆ ಇಲ್ಲ. ಡ್ರಮ್ಮಿನ ಪುಟಕ್ಕೆ ಬಂದಾಗ ಮಾತ್ರ ಯಾವುದೋ ರಾತ್ರಿ ತಮಗೆ ತೋಚಿದಂತೆ ಪಟ್ಟಿ ಮಾಡಿಕೊಂಡವರು ಒಂದೊಂದು ಗುರುತನ್ನೂ ಕಿವಿಗೊಟ್ಟು ಸರಿನೋಡಬೇಕು.

ಇತ್ತ ಎಲೆಕ್ಟ್ರಾನಿಕ್ ಡ್ರಮ್ ಕೊಂಡವರ ಪಾಡು ಇನ್ನೊಂದು. ರೋಲ್ಯಾಂಡ್ ಕಿಟ್ಟುಗಳಲ್ಲಿ ಹೈ-ಹ್ಯಾಟಿನ ಅಂಚಿಗೆ ಬಾರಿಸಿದರೆ ಹೋಗೋದು 22 ಮತ್ತು 26, ಜನರಲ್ ಮಿಡಿ ಪಟ್ಟಿಯಲ್ಲಿ ಆ ನಂಬರುಗಳೇ ಇಲ್ಲ. ಸ್ನೇರಿನ ರಿಮ್ಮಿಗೆ 40, ಪಟ್ಟಿಯಲ್ಲಿ ಅದು ಎಲೆಕ್ಟ್ರಿಕ್ ಸ್ನೇರ್. ಹಾಡಿಡೀ ನುಡಿಸಿ ರೆಕಾರ್ಡ್ ಮಾಡಿ ನೊಟೇಷನ್ ತೆರೆದರೆ ಅಂಚಿನ ಹೊಡೆತಗಳಿರಬೇಕಾದ ಕಡೆ ಹಾಳೆ ಖಾಲಿ ಕಂಡರೂ ಆಶ್ಚರ್ಯ ಇಲ್ಲ. ಆಗ ಮತ್ತೆ ಪಟ್ಟಿ ತೆರೆದು, 22 ಅಂದ್ರೆ ಹೈ-ಹ್ಯಾಟ್ ಅಂತ ಕೈಯಾರೆ ಬರೆಯಬೇಕು.