ಪೊರೆಯ ಲಂಗರು ಮತ್ತು ಪ್ರತಿಕಾಯ

ಪಿ.ಎನ್.ಎಚ್. ಎಂಬ ಅಪರೂಪದ ಕಾಯಿಲೆಯ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಇದರಲ್ಲಿ ರೋಗಿಯ ಕೆಂಪು ರಕ್ತಕಣಗಳನ್ನು ಅವನದೇ ದೇಹದ ರಕ್ಷಣಾ ವ್ಯವಸ್ಥೆ ಒಡೆದುಹಾಕುತ್ತದೆ. ಬೆಳಗಿನ ಮೂತ್ರ ಕಪ್ಪುಗೆಂಪಾಗುತ್ತದೆ. 1930ರ ದಶಕದಲ್ಲಿ ಥಾಮಸ್ ಹ್ಯಾಮ್ ಇದಕ್ಕೊಂದು ಪರೀಕ್ಷೆ ರೂಪಿಸಿದರು. ಮೂಲ ಕಾರಣ ಮಾತ್ರ ಸಿಗಲಿಲ್ಲ.

1975ರಲ್ಲಿ ಕೇಂಬ್ರಿಜ್‌ನ ಕೋಹ್ಲರ್ ಮತ್ತು ಮಿಲ್‌ಸ್ಟೀನ್, ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ರಕ್ತಕಣದ ಪೊರೆಯ ಮೇಲೆ ಸಿಡಿ55, ಸಿಡಿ59 ಎಂಬ ಪ್ರೋಟೀನ್‌ಗಳು ಕಾವಲಿಗಿವೆ. ಅವುಗಳನ್ನು ಪೊರೆಗೆ ಕಟ್ಟಿರುವುದು ಜಿಪಿಐ ಎಂಬ ಸಕ್ಕರೆ-ಕೊಬ್ಬಿನ ಲಂಗರು. ಹೊಳೆಯುವ ಬಣ್ಣ ಸೇರಿಸಿದ ಪ್ರತಿಕಾಯ ಹಾಕಿದಾಗ ಆರೋಗ್ಯವಂತರ ಕಣಗಳು ಹೊಳೆದವು, ರೋಗಿಯ ಅನೇಕ ಕಣಗಳು ಹೊಳೆಯಲಿಲ್ಲ. ಎರಡು ಕಾವಲುಗಾರರೂ ಒಟ್ಟಿಗೆ ನಾಪತ್ತೆ! ಹಾಗಾದರೆ ದೋಷ ಕಾವಲುಗಾರರದ್ದಲ್ಲ, ಲಂಗರಿನದ್ದು.

ಜಪಾನಿನ ಒಸಾಕಾದಲ್ಲಿ ತಾರೊ ಕಿನೊಶಿತಾ ಮತ್ತು ಸಂಗಡಿಗರು ಲಂಗರಿಲ್ಲದ ಕೋಶಗಳಿಗೆ ಮಾನವ ಜೀನ್‌ಗಳನ್ನು ಸೇರಿಸಿ, ಪ್ರೋಟೀನ್ ಮತ್ತೆ ಮೂಡಿದ ಕೋಶಗಳನ್ನು ಪ್ರತಿಕಾಯದಿಂದಲೇ ಆರಿಸಿದರು. 1993ರಲ್ಲಿ ಪಿಗ್-ಎ ಜೀನ್ ಸಿಕ್ಕಿತು. ಲಂಗರು ತಯಾರಿಯ ಮೊದಲ ಹೆಜ್ಜೆ ನಡೆಸುವ ಕಿಣ್ವದ ಒಂದು ಭಾಗಕ್ಕೆ ಅದೇ ಆಧಾರ. ಅದು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಒಂದೇ ಕೆಡುಕು ಸಾಕು.

2007ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಎಕುಲಿಝುಮ್ಯಾಬ್ ಕೂಡ ಪ್ರತಿಕಾಯವೇ. ಅದು ಲಂಗರನ್ನು ಸರಿಪಡಿಸುವುದಿಲ್ಲ, ರಕ್ತಕಣ ಒಡೆಯುವ ದಾಳಿಯನ್ನು ತಡೆಯುತ್ತದೆ. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ.